ಖಂಡೇ ಪೂಜೆ ಮುಗಿದ ಮೇಲೆ ಗುಜರಿಗೆ?

ಜಾಂಬೋಟಿಯಲ್ಲಿ ಹಿಮ ಬೀಳುವುದಿಲ್ಲ, ಮಳೆ ಬೀಳುತ್ತದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗುವ ರಸ್ತೆಯ ಮೇಲಿರುವ ಖಾನಾಪುರ ತಾಲ್ಲೂಕಿನ ಈ ಊರಿಗೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸುಲಭಕ್ಕೆ ಬಿಡುವುದಿಲ್ಲ. ಆ ನಾಲ್ಕು ತಿಂಗಳು ಕಬ್ಬಿಣದ ಪಾಲಿಗೆ ಕೆಟ್ಟ ಕಾಲ. ಕೆಸರುಗದ್ದೆ ಹದ ಮಾಡಿದ ಪವರ್ ಟಿಲ್ಲರನ್ನು ತೊಳೆದು, ಒರೆಸಿ, ಎಣ್ಣೆ ಸವರದೆ ಮೂಲೆಗೆ ತಳ್ಳಿದರೆ ಮುಂದಿನ ಹಂಗಾಮಿಗೆ ಅದರ ಹಲ್ಲುಗಳು ಅಲುಗಾಡುವುದಿಲ್ಲ. ಬೇಸಿಗೆಯಲ್ಲಿ ಹಳ್ಳದ ನೀರೆತ್ತುವ ಡೀಸೆಲ್ ಇಂಜಿನ್ನಿಗೂ ಇದೇ ಗತಿ. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲವೆಲ್ಲ ನಿಂತೇ ಇರುವ ಯಂತ್ರಗಳು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು.

ಮಳೆ ಹಿಂದೆ ಸರಿಯುವ ಹೊತ್ತಿಗೆ ಖಂಡೇ ಪೂಜೆ ಬರುತ್ತದೆ. ಆಯುಧ ಪೂಜೆಯನ್ನು ಈ ಕಡೆಯವರು ಕರೆಯುವುದು ಹಾಗೆ. ಅಂದು ಕೊಟ್ಟಿಗೆಯ ಹಳೆಯ ಇಂಜಿನ್ನೂ ಅಂಗಳದ ಹೊಸ ಟಿಲ್ಲರೂ ಕುಡಗೋಲು, ಕೊಡಲಿ, ಸೈಕಲ್ಲುಗಳ ಜೊತೆ ಸಾಲಾಗಿ ನಿಂತು ಕುಂಕುಮ, ಚೆಂಡುಹೂವು ಏರಿಸಿಕೊಂಡು ಕಾಯಿ ಒಡೆಸಿಕೊಳ್ಳುತ್ತವೆ. ಹಳೆಯದಕ್ಕೆ ಕಡಿಮೆ ಹೂವು, ಹೊಸದಕ್ಕೆ ಹೆಚ್ಚು ಎಂಬ ಲೆಕ್ಕ ಅಲ್ಲಿಲ್ಲ. ಆದರೆ ದೀಪಾವಳಿಗೆ ಮುಂಚೆಯೇ ಆ ಹಳೆಯದನ್ನು ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಡುವವರೂ ಉಂಟು. ಕೈಮುಗಿದ ವಸ್ತುವಿನ ಬಗ್ಗೆ ಮನುಷ್ಯನಿಗೆ ಋಣ ಎಂಬುದು ಇದೆಯೆ? ಇದ್ದರೆ ಎಲ್ಲಿಯವರೆಗೆ? ರಿಪೇರಿ ಮಾಡಿಸುತ್ತಲೇ ಹೋಗುವುದು ಧರ್ಮವೋ, ಬಿಡಲಾರದ ಮೋಹವೋ?

ಈ ಪ್ರಶ್ನೆ ಮಲೆನಾಡಿನ ಅಂಚಿಗಷ್ಟೇ ಸೇರಿದ್ದಲ್ಲ. ಮಿನ್ನೆಸೋಟಾದಲ್ಲೋ ಟೊರಾಂಟೋದಲ್ಲೋ ನೆಲೆಸಿದ ಕನ್ನಡ ಕುಟುಂಬಕ್ಕೆ ಇದು ಸ್ನೋ ಬ್ಲೋವರ್ ರೂಪದಲ್ಲಿ ಎದುರಾಗುತ್ತದೆ. ಮನೆ ಮುಂದಿನ ಹಿಮವನ್ನು ಕೊರೆದು ಪಕ್ಕಕ್ಕೆ ತೂರುವ ಈ ಯಂತ್ರ ನಮ್ಮ ಟಿಲ್ಲರಿನ ದಾಯಾದಿ. ವಿಸ್ಕಾನ್ಸಿನ್ ರಾಜ್ಯದ ಏರಿಯೆನ್ಸ್ ಕಂಪನಿ 1933ರಲ್ಲಿ ಶುರುವಾದದ್ದೇ ನೆಲ ಉಳುವ ಟಿಲ್ಲರ್ ಮಾಡುತ್ತ. ಹಿಮದ ಯಂತ್ರಕ್ಕೆ ಅದು ಕೈಹಾಕಿದ್ದು 1960ರಲ್ಲಿ. ಇಂಥ ಯಂತ್ರಗಳಿಗೆ ದಶಕಗಳ ಕಾಲ ಇಂಜಿನ್ ಒದಗಿಸಿದ ಟೆಕಮ್ಸೆ ಕಂಪನಿ 2008ರ ಕೊನೆಗೆ ಆ ವ್ಯವಹಾರವನ್ನೇ ನಿಲ್ಲಿಸಿತು. ಅದರ ಇಂಜಿನ್ ಹೊತ್ತ ಹಳೆಯ ಯಂತ್ರಗಳು ಇಂದಿಗೂ ಡಿಸೆಂಬರ್ ಬಂತೆಂದರೆ ಗೊರಗುಟ್ಟುತ್ತ ಎದ್ದು ನಿಲ್ಲುತ್ತವೆ. ಪಕ್ಕದ ಮನೆಯಲ್ಲಿ ಬ್ಯಾಟರಿಯ ಹೊಸ ಮಾದರಿ ಹೆಚ್ಚು ಸದ್ದಿಲ್ಲದೆ ಅದೇ ಕೆಲಸ ಮಾಡುತ್ತಿರುತ್ತದೆ. ಜಾಂಬೋಟಿಯವರಿಗೂ ಟೊರಾಂಟೋದವರಿಗೂ ತಲೆನೋವು ಒಂದೇ.

ಇನ್ನು ಕಬ್ಬಿಣಕ್ಕೂ ದೇವರಿಗೂ ಬೆಳಗಾವಿ ಸೀಮೆಯಲ್ಲಿ ಮೊದಲಿನಿಂದ ಸ್ನೇಹವಿತ್ತು ಎಂದೇನೂ ಅಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಮೇವು ಕತ್ತರಿಸುವ ಯಂತ್ರದ ಜೊತೆಗೆ 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿದರು. ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ರೈತರ ನಂಬಿಕೆ. ಭೂತಾಯಿಯ ಮೈಗೆ ಮರದ ನೇಗಿಲೇ ತಕ್ಕದ್ದು ಎಂದು ತಲೆಮಾರುಗಳಿಂದ ಕಂಡುಕೊಂಡವರಿಗೆ ಎರಕದ ನೇಗಿಲು ಅಪಚಾರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇದನ್ನು ಹಿಂದುಳಿದವರ ಮೂಢತನ ಎಂದು ನಗುವವರು ಅಮೆರಿಕದ ಕಥೆಯನ್ನೂ ಕೇಳಬೇಕು: 1797ರಲ್ಲಿ ನ್ಯೂ ಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ ಎರಕದ ನೇಗಿಲಿಗೆ ಪೇಟೆಂಟ್ ಪಡೆದಾಗ ಅಲ್ಲಿನ ಬಿಳಿಯ ರೈತರು ಹೇಳಿದ್ದೂ ಇದೇ ಮಾತು, ಕಬ್ಬಿಣ ಮಣ್ಣಿಗೆ ವಿಷ.

ಬೆಳಗಾವಿಯಲ್ಲಿ ಜಾಗ ಖಾಲಿ ಮಾಡಬೇಕಾಗಿ ಬಂದು ಕಿರ್ಲೋಸ್ಕರರು 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಪಾಪಾಸುಕಳ್ಳಿಯ ಬಯಲಿಗೆ ಹೋದದ್ದು, ಅದು ಕಿರ್ಲೋಸ್ಕರವಾಡಿಯಾದದ್ದು ಬೇರೆಯದೇ ಕಥೆ. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಒಂದು ಕಾಲಕ್ಕೆ ಹೊಲದ ಬದುವಿಗೂ ಬಿಟ್ಟುಕೊಳ್ಳದ ಕಬ್ಬಿಣದ ನೇಗಿಲನ್ನು ಮುಂದಿನ ತಲೆಮಾರು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿತು. ಪಾವಿತ್ರ್ಯ ಮರದಿಂದ ಕಬ್ಬಿಣಕ್ಕೆ ನಡೆದುಹೋಯಿತು. ಹಾಗಾಗಿ ಹಳೆಯದೆಂಬ ಕಾರಣಕ್ಕೇ ಯಾವ ಉಪಕರಣವೂ ಪವಿತ್ರವಲ್ಲ. ಹಳೆಯ ಇಂಜಿನ್ನಿನ ಪರ ವಾದಿಸುವವರು ಮೊದಲು ಒಪ್ಪಿಕೊಳ್ಳಬೇಕಾದ ಮಾತಿದು.

ಅದಕ್ಕಿಂತ ತೊಡಕಿನ ಪ್ರಶ್ನೆ ಏಳುವುದು ಗ್ಯಾರೇಜಿನಲ್ಲಿ. ಬೆಳಗಾವಿ ಸೀಮೆಯ ತೋಟಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ಓಡಿದ ಹಳೆಯ ಇಂಜಿನ್ನೊಂದನ್ನು ಮಿಸ್ತ್ರಿ ಬಿಚ್ಚುತ್ತಾನೆ ಎನ್ನೋಣ. ಲೈನರ್ ಸವೆದಿದೆ, ಹೊಸದು ಬರುತ್ತದೆ. ಪಿಸ್ಟನ್, ರಿಂಗು ಬದಲು. ಬೇರಿಂಗು ಬದಲು. ನಾಜಲ್, ವಾಲ್ವು, ಗ್ಯಾಸ್ಕೆಟ್ಟು, ಆಯಿಲ್ ಸೀಲು ಬದಲು. ಎರಡು ಮೂರು ಓವರಾಲಿಂಗ್ ಕಂಡ ಇಂಜಿನ್ನಿನಲ್ಲಿ ಮೊದಲಿನದಾಗಿ ಉಳಿಯುವುದು ಬ್ಲಾಕು, ಫ್ಲೈವೀಲು ಮತ್ತು ಅಜ್ಜ ಕೊಂಡದ್ದೆಂಬ ಹೆಸರು. ಇದು ಅಜ್ಜನ ಇಂಜಿನ್ನೇ?

ಭಾರತದ ದಾರ್ಶನಿಕರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ನ್ಯಾಯ ಮತ್ತು ವೈಶೇಷಿಕ ದರ್ಶನದವರು ಬಹಳ ಕಟ್ಟುನಿಟ್ಟು. ಅವರ ಪ್ರಕಾರ ಭಾಗಗಳು ಕೂಡಿದಾಗ ಭಾಗಗಳಿಗಿಂತ ಬೇರೆಯಾದ ‘ಅವಯವಿ’ ಎಂಬ ಇಡೀ ವಸ್ತುವೊಂದು ಹುಟ್ಟುತ್ತದೆ. ಒಂದು ಭಾಗ ಕಳಚಿದರೆ ಆ ಇಡೀ ವಸ್ತು ನಾಶವಾಗಿ ಇನ್ನೊಂದು ಹುಟ್ಟುತ್ತದೆ. ಬಟ್ಟೆಯಿಂದ ಒಂದು ನೂಲು ತೆಗೆದರೂ ಅದು ಮೊದಲಿನ ಬಟ್ಟೆಯಲ್ಲ. ಈ ಲೆಕ್ಕದಲ್ಲಿ ಬೋಲ್ಟೊಂದನ್ನು ಬಿಚ್ಚಿ ಹಾಕಿದ ಮಿಸ್ತ್ರಿ ಅದೇ ಬೆಳಗ್ಗೆ ಹಳೆಯ ಇಂಜಿನ್ನನ್ನು ಕೊಂದು ಹೊಸದನ್ನು ಹುಟ್ಟಿಸಿರುತ್ತಾನೆ. ನೈಯಾಯಿಕರ ಮನೆಯಲ್ಲಿ ಹಳೆಯ ವಸ್ತುವೆಂಬುದೇ ಸಿಗುವುದು ಕಷ್ಟ.

ಬೌದ್ಧರು ಇದಕ್ಕೆ ತದ್ವಿರುದ್ಧ. ‘ಮಿಲಿಂದಪನ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಅರಸ ಮಿಲಿಂದನನ್ನು ಅವನು ಏರಿ ಬಂದ ರಥದ ಬಗ್ಗೆ ಕೇಳುತ್ತಾನೆ: ಗಾಲಿ ರಥವೆ, ಅಚ್ಚು ರಥವೆ, ನೊಗ ರಥವೆ? ಯಾವುದೂ ಅಲ್ಲ. ರಥವೆಂಬುದು ಕೂಡಿದ ಭಾಗಗಳಿಗೆ ವ್ಯವಹಾರಕ್ಕೆಂದು ಇಟ್ಟ ಹೆಸರು. ಅಜ್ಜನ ಇಂಜಿನ್ ಎಂಬುದೂ ಅಂಥದೇ ಹೆಸರಾದರೆ, ಅದು ಹೋಯಿತೆಂದು ಮರುಗಲು ಏನಿದೆ?

ಇವೆರಡರ ನಡುವೆ ಬೆಳಗಾವಿಯ ನೆಲಕ್ಕೆ ಹತ್ತಿರವಾದದ್ದು ಜೈನರ ಮಾತು. ಖಾನಾಪುರದ ಹಲಸಿಯಲ್ಲಿ ಕದಂಬರ ಕಾಲಕ್ಕೇ ಬಸದಿಯಿತ್ತು. ಬೆಳಗಾವಿ ಕೋಟೆಯ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು 1204ರಲ್ಲಿ. ಇರುವ ಪ್ರತಿಯೊಂದೂ ಏಕಕಾಲಕ್ಕೆ ಹುಟ್ಟುತ್ತಿರುತ್ತದೆ, ಅಳಿಯುತ್ತಿರುತ್ತದೆ, ಉಳಿದೂ ಇರುತ್ತದೆ ಎಂಬುದು ‘ತತ್ತ್ವಾರ್ಥಸೂತ್ರ’ದ ನಿಲುವು. ಆಚಾರ್ಯ ಸಮಂತಭದ್ರರು ಇದಕ್ಕೊಂದು ಚಂದದ ನಿದರ್ಶನ ಕೊಟ್ಟಿದ್ದಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನು ಸುಮ್ಮನಿರುತ್ತಾನೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಇದು ದಿನವೂ ನಡೆಯುವ ವ್ಯವಹಾರ. ಗುಜರಿಯಿಂದ ಬಂದ ಕಬ್ಬಿಣ ಕುಲುಮೆಗೆ ಬೀಳುತ್ತದೆ, ಪಂಪಿನ ಹೊರಕವಚವಾಗಿಯೋ ಮೋಟಾರಿನ ಬಿಡಿಭಾಗವಾಗಿಯೋ ಹೊರಗೆ ಬರುತ್ತದೆ. ಇಂಜಿನ್ ಕೊಟ್ಟ ಮನೆಯವರಿಗೆ ಹಳಹಳಿ, ಫೌಂಡ್ರಿಯವನಿಗೆ ಆರ್ಡರ್ ಪೂರೈಸಿದ ಖುಷಿ. ಗುಜರಿಯವನ ಕಣ್ಣು ಮಾತ್ರ ತೂಕದ ಕಾಟಾದ ಮೇಲೆ. ಮೂವರೂ ಕಂಡದ್ದು ನಿಜವೇ.

ಆದರೆ ತತ್ತ್ವಶಾಸ್ತ್ರ ಇಲ್ಲಿಗೆ ನಿಂತುಬಿಡುತ್ತದೆ. ಇಂಜಿನ್ ಅದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಿದರೂ ರಿಪೇರಿಗೆ ದುಡ್ಡು ಹಾಕಬೇಕೋ ಬೇಡವೋ ಎಂಬುದು ತೀರ್ಮಾನವಾಗಲಿಲ್ಲ. ಈ ಎರಡನೆಯದಕ್ಕೆ ಉತ್ತರ ಹುಡುಕಿದವರು ಗುಡಿ, ವಿಗ್ರಹಗಳ ವಿಧಿ ಬರೆದ ಆಗಮಕಾರರು. ಗುಡಿಯ ಪೂಜಾರಿಗೂ ಗ್ಯಾರೇಜಿನ ಮಿಸ್ತ್ರಿಗೂ ಎದುರಾಗುವ ಸಂಕಟ ಒಂದೇ ಆದ್ದರಿಂದ ಅವರ ನಿಯಮಗಳು ಆಶ್ಚರ್ಯ ಹುಟ್ಟಿಸುವಷ್ಟು ಯಾಂತ್ರಿಕವಾಗಿವೆ, ಒಳ್ಳೆಯ ಅರ್ಥದಲ್ಲಿ.

ಮೊದಲನೆಯದು ಸವೆಯಲೆಂದೇ ಇಟ್ಟ ಭಾಗ. ವಿಗ್ರಹವನ್ನು ಪೀಠಕ್ಕೆ ಕೂರಿಸುವುದು ಅಷ್ಟಬಂಧದಿಂದ. ಅರಗು, ಜೇನುಮೇಣ, ಬೆಣ್ಣೆ, ಕಾವಿ ಮೊದಲಾದ ಎಂಟು ದ್ರವ್ಯಗಳನ್ನು ಕುಟ್ಟಿ ಹದ ಮಾಡಿದ ಬಂಧ ಅದು. ಕಲ್ಲು ಶತಮಾನಗಟ್ಟಲೆ ಬಾಳುತ್ತದೆ, ಬಂಧ ಬಾಳುವುದಿಲ್ಲ. ಆದ್ದರಿಂದಲೇ ಹನ್ನೆರಡು ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕಿ ಬ್ರಹ್ಮಕಲಶ ಮಾಡುವ ರೂಢಿ. ಮೆತ್ತಗಿನದು ಸವೆದು ಗಟ್ಟಿಯದನ್ನು ಕಾಯುತ್ತದೆ. ಸ್ನೋ ಬ್ಲೋವರಿನಲ್ಲಿ ಶಿಯರ್ ಪಿನ್ ಎಂಬ ಬೆರಳುದ್ದದ ಮೊಳೆ ಮಾಡುವುದೂ ಇದನ್ನೇ: ಹಿಮದೊಳಗೆ ಕಲ್ಲು ಸಿಕ್ಕಿಕೊಂಡರೆ ಆ ಮೊಳೆ ಮುರಿದು ಗೇರ್‌ಬಾಕ್ಸ್ ಉಳಿಯುತ್ತದೆ. ಹಳೆಯ ಡೀಸೆಲ್ ಇಂಜಿನ್ನಿನ ಲೈನರೂ ಅಷ್ಟೇ. ಸವೆದಾಗ ಹೊರಗೆಳೆದು ಇನ್ನೊಂದನ್ನು ಕೂರಿಸಲೆಂದೇ ಅದನ್ನು ಬ್ಲಾಕಿನಿಂದ ಬೇರೆಯಾಗಿ ಮಾಡಿರುತ್ತಾರೆ. ಇಂಥ ಭಾಗ ಬದಲಾಯಿಸಿದ್ದಕ್ಕೆ ಗುಡಿ ಬೇರೆಯಾಯಿತೆಂದು ಯಾರೂ ಹೇಳಿಲ್ಲ.

ಎರಡನೆಯದು ಯಾವ ಅಂಗ ಮುರಿದಿದೆ ಎಂಬ ವಿಚಾರ. ಆಭರಣದ ಅಂಚು, ಬೆರಳ ತುದಿಯಂಥ ಸಣ್ಣ ಊನಕ್ಕೆ ವಿಗ್ರಹವನ್ನು ಬಿಡಬೇಕಿಲ್ಲ, ಸರಿಪಡಿಸಬಹುದು. ತಲೆ, ತೋಳಿನಂಥ ಮುಖ್ಯ ಅಂಗವೇ ಭಿನ್ನವಾದರೆ ಅದರ ಪೂಜೆ ನಿಲ್ಲಬೇಕು. ಆಗಲೂ ಎತ್ತಿ ಎಸೆಯುವ ಹಾಗಿಲ್ಲ. ವಿಗ್ರಹದ ಕಳೆಯನ್ನು ಕಲಶದ ನೀರಿಗೆ ಆವಾಹಿಸಿ, ಹಳೆಯದನ್ನು ವಿಧಿಪೂರ್ವಕ ಜಲಕ್ಕೋ ನೆಲಕ್ಕೋ ಸೇರಿಸಿ, ಆ ಕಳೆಯನ್ನು ಹೊಸ ವಿಗ್ರಹಕ್ಕೆ ತುಂಬಬೇಕು. ಪುರಿಯ ಜಗನ್ನಾಥನ ಮರದ ಮೂರ್ತಿಗಳಿಗೆ 1996ರಲ್ಲಿ, ಮತ್ತೆ 2015ರಲ್ಲಿ ನವಕಳೇಬರ ನಡೆದಾಗ ಕಂಡದ್ದು ಇದರ ಅತಿ ದೊಡ್ಡ ರೂಪ: ಹಳೆಯ ದೇಹ ಮಣ್ಣಿಗೆ, ಒಳಗಿನ ಬ್ರಹ್ಮಪದಾರ್ಥ ಹೊಸ ದೇಹಕ್ಕೆ.

ಮೂರನೆಯದು ಅಪವಾದ. ಸ್ವಯಂಭೂ ಎನಿಸಿದ್ದಕ್ಕೆ ಈ ಯಾವ ನಿಯಮವೂ ಇಲ್ಲ. ಅದು ಹೇಗಿದ್ದರೂ ಪೂಜ್ಯ. ಜಾಂಬೋಟಿಗೆ ಸಮೀಪದ ಹಬ್ಬಾನಹಟ್ಟಿಯಲ್ಲಿ ಮಲಪ್ರಭೆಯ ಪಾತ್ರದಲ್ಲೇ ಇರುವ ಸ್ವಯಂಭೂ ಮಾರುತಿಯ ಗುಡಿ ಜೋರು ಮಳೆಗಾಲದಲ್ಲಿ ನೀರಿನೊಳಗೆ ಮುಳುಗುತ್ತದೆ. ಹೊಳೆ ಇಳಿದ ಮೇಲೆ ಜನ ಮತ್ತೆ ಹೋಗಿ ಕೈಮುಗಿಯುತ್ತಾರೆ. ಇದೇ ಜನ ಭಾದ್ರಪದದಲ್ಲಿ ಮಣ್ಣಿನ ಗಣಪತಿಯನ್ನು ಕೂರಿಸಿ ಕೆಲವೇ ದಿನಗಳಲ್ಲಿ ನೀರಿಗೆ ಬಿಡುವವರೂ ಹೌದು. ಯುಗಯುಗಕ್ಕೂ ಇರುವ ದೇವರು, ಹತ್ತು ಹನ್ನೊಂದು ದಿನದ ದೇವರು ಇಬ್ಬರನ್ನೂ ಒಂದೇ ಊರು ಗೊಂದಲವಿಲ್ಲದೆ ನಡೆಸಿಕೊಂಡು ಬಂದಿದೆ. ಸಂಪ್ರದಾಯವೆಂದರೆ ಹಳೆಯದನ್ನೆಲ್ಲ ಕಾಪಿಡುವುದು ಎಂದು ಸಾರುವವರು ನಮ್ಮ ಸಂಪ್ರದಾಯವನ್ನು ಸರಿಯಾಗಿ ನೋಡಿಲ್ಲ.

ಹೊಸದರ ಮೋಹಕ್ಕೂ ಶಾಸ್ತ್ರದ ಬೆಂಬಲ ಸಿಗುವುದು ಕಷ್ಟ. ಗೀತೆಯ ಎರಡನೆಯ ಅಧ್ಯಾಯದ ಬಟ್ಟೆಯ ಉಪಮೆಯನ್ನು ಶೋರೂಮಿನವರು ಬೇಕಾದರೆ ಬಳಸಿಕೊಳ್ಳಬಹುದು. ಆದರೆ ಅಲ್ಲಿ ಕಳಚುವುದು ಜೀರ್ಣವಾದ ಬಟ್ಟೆಯನ್ನು, ಕಳೆದ ವರ್ಷದ ಮಾದರಿಯ ಬಟ್ಟೆಯನ್ನಲ್ಲ.

ಮೋಹ ಇನ್ನೊಂದು ಕಡೆಯಿಂದಲೂ ಬರುತ್ತದೆ. ಮುಂದೆಂದೋ ರಿಪೇರಿ ಮಾಡಿಸಿದರಾಯಿತು ಎಂದು ಕೊಟ್ಟಿಗೆಯಲ್ಲಿ ಸತ್ತ ಇಂಜಿನ್ನುಗಳನ್ನು ಪೇರಿಸಿಡುವವರಿದ್ದಾರೆ. ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದೆಂಬ ಅಪರಿಗ್ರಹದ ಮಾತು ಹೊಸ ಸಾಮಾನಿಗಷ್ಟೇ ಅನ್ವಯಿಸುವುದಿಲ್ಲ. ಓಡದ, ಓಡಿಸುವ ಮನಸ್ಸೂ ಇಲ್ಲದ ಯಂತ್ರವನ್ನು ಬಿಡಲಾರದೆ ಇಟ್ಟುಕೊಳ್ಳುವುದು ಸಂಗ್ರಹವೇ. ಅದಕ್ಕೆ ಅಭಿಮಾನವೆಂಬ ಹೆಸರು ಕೊಟ್ಟರೂ ತುಕ್ಕು ಕಡಿಮೆಯಾಗುವುದಿಲ್ಲ.

ಹಾಗಾದರೆ ಅಳತೆಗೋಲು ಯಾವುದು? ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರವನ್ನು ಹಾದುಹೋಗುವ ಇದೇ ಮಲಪ್ರಭೆ ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ. ಬಸವಣ್ಣನವರ ಕಾಲದ ಶರಣರು ಅಳತೆಗೋಲನ್ನು ವಸ್ತುವಿನಿಂದ ಕೆಲಸಕ್ಕೆ ಬದಲಾಯಿಸಿದರು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಇಷ್ಟಲಿಂಗ ಕೆರೆಯ ನೀರಿಗೆ ಜಾರಿ ಬಿದ್ದಾಗ ಅವನು ಕೈಯ ಕೆಲಸ ಬಿಟ್ಟು ಅದನ್ನು ಹುಡುಕಲಿಲ್ಲ ಎಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಲಿಂಗಕ್ಕೇ ಕಾದು ನಿಲ್ಲದ ಕಾಯಕ ಇಂಜಿನ್ನಿಗೆ ಕಾದು ನಿಲ್ಲುತ್ತದೆಯೆ? ನಾಟಿಯ ವಾರದಲ್ಲಿ ಕೈಕೊಡುವ ಯಂತ್ರ ಎಷ್ಟು ಹಳೆಯದಾದರೂ, ಎಷ್ಟು ಅಕ್ಕರೆಯದಾದರೂ ಕಾಯಕಕ್ಕೆ ಅಡ್ಡಿ. ಹಿಡಿಕೆ ತಿರುಗಿಸಿ ಸ್ಟಾರ್ಟ್ ಮಾಡುವ ಇಂಜಿನ್ ಹಿಂದಕ್ಕೆ ಹೊಡೆದರೆ ಮಣಿಕಟ್ಟು ಮುರಿಯುತ್ತದೆ. ಕವಚವಿಲ್ಲದ ಬೆಲ್ಟಿಗೆ ಸೀರೆಯ ಸೆರಗು, ಲುಂಗಿಯ ತುದಿ ಸಿಕ್ಕಬಹುದು. ಕೈಬಿಟ್ಟ ಕೂಡಲೆ ಯಂತ್ರ ನಿಲ್ಲಿಸುವ ಲಿವರ್ ಇಲ್ಲದ ಹಳೆಯ ಸ್ನೋ ಬ್ಲೋವರುಗಳ ಬಾಯಿಗೆ ಬೆರಳು ಕೊಟ್ಟವರೂ ಇದ್ದಾರೆ. ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಹೊಸ ಮಾದರಿಗಳ ಪರ ಗಟ್ಟಿಯಾದ ವಾದವಿದೆ. ಹೊಗೆಯೂ ಕಡಿಮೆ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಹೊಸದರ ವಿರುದ್ಧ ಒಂದು ಮಾತು ಉಳಿಯುತ್ತದೆ, ಅದು ದೊಡ್ಡ ಮಾತು. ಹಳ್ಳಿಯ ಆಯದ ಪದ್ಧತಿಯಲ್ಲಿ ಕಮ್ಮಾರ, ಬಡಿಗರಿಗೆ ಸುಗ್ಗಿಯಲ್ಲಿ ಕಾಳಿನ ಪಾಲು ಸಿಗುತ್ತಿತ್ತು, ಒಂದೊಂದು ರಿಪೇರಿಗೆ ಒಂದೊಂದು ಕೂಲಿಯಲ್ಲ. ನೇಗಿಲು ಕೆಡದಷ್ಟೂ ಕಮ್ಮಾರನಿಗೆ ಕೆಲಸ ಹಗುರ, ಆದಾಯ ಮಾತ್ರ ಅಷ್ಟೇ. ಉಪಕರಣ ಬಾಳಿಕೆ ಬರುವುದರಲ್ಲಿ ಮಾಡಿದವನಿಗೂ ಬಳಸುವವನಿಗೂ ಸಮಾನ ಲಾಭವಿತ್ತು. ಆ ಪದ್ಧತಿ ಜಾತಿಯ ಸಂಕೋಲೆಯೊಳಗೆ ಕಟ್ಟಿಹಾಕಿದ ದುಡಿಮೆಯಾಗಿತ್ತು, ಅದು ಹೋದದ್ದೇ ಒಳ್ಳೆಯದು. ಆದರೆ ಅದರ ಜಾಗಕ್ಕೆ ಬಂದ ಮಾರುಕಟ್ಟೆಯಲ್ಲಿ ಲೆಕ್ಕ ತಲೆಕೆಳಗಾಯಿತು: ಯಂತ್ರ ಬೇಗ ಕೆಟ್ಟಷ್ಟೂ ಮಾರುವವನಿಗೆ ಲಾಭ. ಲಿಸ್ಟರ್ ಮಾದರಿಯ ಹಳೆಯ ಡೀಸೆಲ್ ಇಂಜಿನ್ ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುತ್ತದೆ. ನಿಧಾನದ ಓಟ, ದಪ್ಪ ಎರಕ, ಬಿಚ್ಚಲು ನಾಲ್ಕಾರು ಸ್ಪ್ಯಾನರು ಸಾಕು. ಇಂದು ಅಗ್ಗಕ್ಕೆ ಸಿಗುವ ಕೆಲವು ಪುಟ್ಟ ಪೆಟ್ರೋಲ್ ಇಂಜಿನ್ನುಗಳು ಅದರ ಐದಾರು ಪಟ್ಟು ವೇಗದಲ್ಲಿ ಓಡುತ್ತವೆ. ಅವುಗಳ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಬದಲಾಯಿಸಲು ಬರುವ ಲೈನರ್ ಇರುವುದೇ ಇಲ್ಲ. ಒಳಮೈ ಸವೆದರೆ ಇಂಜಿನ್ನೇ ಕಸ. ಆಗಮದ ಮಾತಿನಲ್ಲಿ ಹೇಳುವುದಾದರೆ ಅಷ್ಟಬಂಧವಿಲ್ಲದೆ ಕೂರಿಸಿದ ವಿಗ್ರಹ.

ದೊಡ್ಡ ಯಂತ್ರಗಳಲ್ಲಿ ತಡೆ ಬೇರೆ ಬಗೆಯದು: ಕಂಪನಿಯ ಸಾಫ್ಟ್‌ವೇರ್ ಒಪ್ಪದೆ ರಿಪೇರಿ ಮುಗಿಯುವುದಿಲ್ಲ. ಅಮೆರಿಕದ ಕೊಲರಾಡೋ ರಾಜ್ಯ ರೈತರಿಗೆ ತಮ್ಮ ಯಂತ್ರ ತಾವೇ ದುರಸ್ತಿ ಮಾಡಿಕೊಳ್ಳುವ ಹಕ್ಕು ಕೊಡುವ ಕಾನೂನನ್ನು 2023ರಲ್ಲಿ ಮಾಡಿತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ ಕಾನೂನಲ್ಲ, ಆದರೂ ಒಂದು ಆರಂಭ.

ಇಂಜಿನ್ನಿನ ಬಗ್ಗೆ ತೀರ್ಪು ಕೊಡುವುದಾದರೆ ಆಗಮಕಾರರ ಹಾದಿಯೇ ಮೇಲು. ರಿಂಗು, ಲೈನರು, ಬೇರಿಂಗು ಸವೆದದ್ದಕ್ಕೆ ಇಂಜಿನ್ ಬಿಡುವುದು ತಪ್ಪು. ಅವು ಸವೆಯಲೆಂದೇ ಇರುವುವು. ಬ್ಲಾಕು ಬಿರಿದಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ, ಬಿಡಿಭಾಗವೇ ಸಿಗದಿದ್ದರೆ, ಓಡಿಸುವವರ ಕೈಗೆ ಕಾಲಿಗೆ ಅಪಾಯವಿದ್ದರೆ ಹೂವು ಏರಿಸಿ ಕಳಿಸಿಕೊಡಬೇಕು. ಅದರಲ್ಲಿ ದ್ರೋಹವೇನೂ ಇಲ್ಲ. ಉದ್ಯಮಬಾಗದ ಕುಲುಮೆಯೂ ಒಂದು ವಿಸರ್ಜನೆಯೇ. ಹೊಸದು ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು ಲೈನರ್ ಬೇರೆಯಾಗಿ ಬರುತ್ತದೆಯೇ, ಖಾನಾಪುರದ ಮಿಸ್ತ್ರಿ ಇದನ್ನು ಬಿಚ್ಚಬಲ್ಲನೇ ಎಂದು.

ಸರ್ಕಾರಕ್ಕೂ ಇಲ್ಲೊಂದು ಮಾತು ಹೇಳುವುದಿದೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನವಿದೆ. ಅದು ಹೊಸ ಯಂತ್ರ ಕೊಳ್ಳುವವರಿಗೆ ಸಿಗುವ ಹಣ. ಹಳೆಯ ಟಿಲ್ಲರಿಗೆ ಹೊಸ ಲೈನರ್ ಹಾಕಿಸಿದ ಬಿಲ್ಲು ಹಿಡಿದು ಹೋದರೆ ಸಿಗುವುದಲ್ಲ. ಆ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೂ ಮೀಸಲಿಡಲಿ, ಮಳೆ ಹಿಡಿಯುವ ಮುನ್ನ ಮೇ ತಿಂಗಳಲ್ಲಿ ಜಾಂಬೋಟಿಯಂಥ ಹೋಬಳಿಗಳಲ್ಲಿ ದುರಸ್ತಿ ಶಿಬಿರ ನಡೆಸಲಿ.